ಅಣೆಕಟ್ಟು ಕಚೇರಿಯ ವರ್ಲನ್ ಟ್ಯೂಬು ಕೊಂಡದ್ದು

ಆ ಪ್ರಶ್ನೆಯನ್ನು ಹೊಸ ಮ್ಯಾನೇಜರ್ ಕ್ರಾಂಡಲ್ ವರ್ಲನ್‌ನನ್ನೇ ಕೇಳಿರಲಿಲ್ಲ. ಕಚೇರಿಯ ಊಟದ ಕೋಣೆಯಲ್ಲಿದ್ದ ಎಲ್ಲರನ್ನೂ ಸೇರಿಸಿ ಕೇಳಿದ್ದ. ಉಳಿದವರು ಸ್ಯಾಂಡ್‌ವಿಚ್ ಅಗಿಯುತ್ತ ಸುಮ್ಮನಿದ್ದರು. ಸುಮ್ಮನಿರುವುದು ಎಷ್ಟು ಸುಲಭದ ಕೆಲಸ ಎಂದು ವರ್ಲನ್ ಪಲ್ಸಿಫರ್‌ಗೆ ಹೊಳೆದದ್ದು ಆಮೇಲೆ.

"ಇಲ್ಲಿ ಯಾರಾದ್ರೂ ಟ್ಯೂಬಲ್ಲಿ ಕೂತು ಮೀನು ಹಿಡಿಯೋರು ಇದ್ದೀರಾ?"

"ನಾನಿದ್ದೀನಿ ಸರ್. ಚಿಕ್ಕಂದಿನಿಂದ."

ಹೇಳಿದ ಮೇಲೆ, ಹೇಳಿದ್ದು ಯಾರು ಎಂದು ವರ್ಲನ್ ಕೂಡ ಒಮ್ಮೆ ತಿರುಗಿ ನೋಡಿದ. ಅವನು ಚಿಕ್ಕಂದಿನಿಂದ ತಪ್ಪದೆ ಮಾಡಿಕೊಂಡು ಬಂದದ್ದು ಒಂದೇ ಕೆಲಸ, ನೀರಿನಿಂದ ದೂರ ಇರುವುದು. ಮನೆಯಲ್ಲಿ ಒಳ್ಳೆಯ ಸ್ನಾನದ ತೊಟ್ಟಿ ಇದ್ದರೂ ಅದರೊಳಗೆ ಗೋಡೆ ಹಿಡಿದು ನಿಂತೇ ಮೈ ತೊಳೆಯುವ ಮನುಷ್ಯ. ಅಂಥವನು ಸೇಜ್‌ಬೆಂಡ್ ಊರಿನ ಅಣೆಕಟ್ಟು ಕಂಪನಿಯಲ್ಲಿ ಗುಮಾಸ್ತನಾಗಿದ್ದಾನೆ ಎಂದರೆ ಅದಕ್ಕೆ ಕಾರಣವಿತ್ತು. ಅಣೆಕಟ್ಟು ಇದ್ದದ್ದು ಊರಿನ ನೆತ್ತಿಯ ಮೇಲೆ, ಬೆಟ್ಟದ ಸಂದಿಯಲ್ಲಿ. ಕಚೇರಿ ಇದ್ದದ್ದು ಕೆಳಗೆ, ಅಂಚೆ ಕಚೇರಿಯ ಪಕ್ಕದಲ್ಲಿ. ಯಾರ ಆಲೂಗಡ್ಡೆ ಹೊಲಕ್ಕೆ ಯಾವತ್ತು ಕಾಲುವೆ ನೀರು ಬಿಡುತ್ತಾರೆ ಎಂದು ಫೋನಿನಲ್ಲಿ ಹೇಳುವುದು ಅವನ ಕೆಲಸ. ಆ ಕೆಲಸದಲ್ಲಿ ಬೆರಳು ಕೂಡ ಒದ್ದೆಯಾಗುತ್ತಿರಲಿಲ್ಲ.

ಕ್ರಾಂಡಲ್ ಬಂದ ವಾರವೇ, ಇಷ್ಟನ್ನು ಕಂಪ್ಯೂಟರಿಗೆ ಹೇಳಿಕೊಟ್ಟರೆ ಆಗದೇ ಎಂದು ವಿಚಾರಿಸಿದ್ದ. ಅಂದಿನಿಂದ ವರ್ಲನ್ ಫೋನು ಎರಡನೇ ಸಲ ಬಾರಿಸಲು ಬಿಡುತ್ತಿರಲಿಲ್ಲ. ಐವತ್ತು ದಾಟಿದ ಗುಮಾಸ್ತನಿಗೆ ಆ ಊರಿನಲ್ಲಿ ಉಳಿದಿರುವುದು ಆಲೂಗಡ್ಡೆ ತೊಳೆಯುವ ಕಾರ್ಖಾನೆ ಒಂದೇ. ಅಲ್ಲಿಯೂ ನೀರು, ಅದೂ ತಣ್ಣೀರು.

ಕ್ರಾಂಡಲ್ ಎದ್ದು ಬಂದು ಅವನ ಬೆನ್ನು ತಟ್ಟಿದ.

"ಹಾಗಾದ್ರೆ ಶನಿವಾರ ಬೆಳಿಗ್ಗೆ ಜಲಾಶಯದ ಹತ್ರ ಬನ್ನಿ. ಟ್ರೌಟ್ ಮೀನು ಚೆನ್ನಾಗಿ ಕಚ್ತಾ ಇದೆಯಂತೆ. ಟ್ಯೂಬಲ್ಲಿ ಕೂರೋ ಮನುಷ್ಯನ್ನ ನಾನು ಕಣ್ಣು ಮುಚ್ಕೊಂಡು ನಂಬ್ತೀನಿ ಪಲ್ಸಿಫರ್. ತಾಳ್ಮೆ ಇರುತ್ತೆ, ಸುಳ್ಳು ಹೇಳಲ್ಲ. ನಿಮ್ಮ ಕೆಲಸದ ವಿಷಯಾನೂ ಅಲ್ಲೇ ತೇಲ್ತಾ ಮಾತಾಡೋಣ."

ತೇಲ್ತಾ ಎಂಬ ಮಾತು ಕೇಳಿಯೇ ವರ್ಲನ್ ಮೇಜಿನ ಅಂಚು ಹಿಡಿದುಕೊಂಡ.

ಊರಿನ ಅಂಗಡಿಯಲ್ಲಿ ಟ್ಯೂಬು ಕೊಂಡರೆ ಕ್ರಾಂಡಲ್ ಕಿವಿಗೆ ಬೀಳುತ್ತದೆ. ಆದ್ದರಿಂದ ವರ್ಲನ್ ಅರ್ಧ ದಿನ ರಜೆ ಹಾಕಿ, ದೂರದ ಇನ್ನೊಂದು ಊರಿನ ಮೀನುಗಾರಿಕೆ ಅಂಗಡಿಗೆ ಹೋದ. ಅಂಗಡಿಯ ಹೆಂಗಸು ಕನ್ನಡಕದ ಮೇಲಿಂದ ನೋಡಿದಳು.

"ಏನು ಬೇಕಿತ್ತು?"

"ಚಿಕ್ಕಂದಿನಿಂದ ಟ್ಯೂಬಲ್ಲಿ ಮೀನು ಹಿಡಿಯೋರ ಹತ್ರ ಏನೇನಿರುತ್ತೋ ಅದೆಲ್ಲ."

"ಅಂಥೋರ ಹತ್ರ ತೇಪೆ ಹಾಕಿದ ಟ್ಯೂಬು, ಹೆಂಡ್ತಿ ಹತ್ರ ತಿಂದ ಬೈಗುಳ, ಎರಡೇ ಇರೋದು."

"ನಂಗೆ ಹೊಸಾದೇ ಕೊಡಿ."

ಅವಳು ತೆಗೆದು ತೋರಿಸಿದ್ದು ಕುದುರೆಯ ಲಾಳದ ಆಕಾರದ ದೊಡ್ಡ ಗಾಳಿಚೀಲ. ನಡುವೆ ಒಂದು ಬಟ್ಟೆಯ ಸೀಟು. ಅದರಲ್ಲಿ ಕೂತರೆ ಸೊಂಟದಿಂದ ಮೇಲೆ ಮನುಷ್ಯ, ಸೊಂಟದಿಂದ ಕೆಳಗೆ ನೀರಿನ ಪಾಲು. ಕಾಲಿಗೆ ಬಾತುಕೋಳಿಯ ಪಾದದಂಥ ರಬ್ಬರಿನ ಹಲಗೆ ಕಟ್ಟಿಕೊಂಡು ಒದೆಯಬೇಕು. ಒದ್ದರೆ ಹಿಂದಕ್ಕೆ ಹೋಗುತ್ತದೆ. ತಲುಪಬೇಕಾದ ಕಡೆಗೆ ಬೆನ್ನು ತಿರುಗಿಸಿ ಹೊರಡುವ ಈ ವಾಹನವನ್ನು ವರ್ಲನ್ ಬಹಳ ಹೊತ್ತು ನೋಡಿದ.

"ಇದಕ್ಕೆ ತಳ ಇಲ್ವಾ?"

"ಇಲ್ಲ."

"ಮತ್ತೆ ಕೆಳಗೆ ಏನಿರುತ್ತೆ?"

"ನೀರು."

"ಅದರ ಕೆಳಗೆ?"

"ಮೀನು. ಪುಣ್ಯ ಇದ್ರೆ."

ಮೊದಲು ಮೀನಿಗೆ ಬೇಕಾದದ್ದನ್ನು ಕೊಂಡ. ಗಾಳದ ಕೋಲು, ಅದನ್ನು ಸಿಕ್ಕಿಸುವ ಕೊಳವೆ, ಕೈಬಲೆ, ಎದೆಮಟ್ಟದ ರಬ್ಬರು ಪ್ಯಾಂಟು, ಮೀನಿಗೆ ಮೋಸ ಮಾಡಲು ದಾರದಲ್ಲಿ ಕಟ್ಟಿದ ಸುಳ್ಳು ನೊಣಗಳ ಡಬ್ಬಿ, ನೀರಿನಡಿಯ ಮೀನನ್ನು ತೋರಿಸುವ ಪುಟ್ಟ ಯಂತ್ರ, ತೊಡೆಯ ಮೇಲೆ ಹಾಸುವ ಜಾಲರಿ ಬಟ್ಟೆ, ಅದರ ಮೇಲೆ ಮೀನಿನ ಉದ್ದ ಅಳೆಯುವ ಗೆರೆಗಳು. ಆಮೇಲೆ ಅವನ ಭಯ ಬಾಯಿ ಬಿಟ್ಟಿತು. ಗಾಳಿ ಹೋದರೆ? ಕೈಪಂಪು. ಪಂಪು ಕೆಟ್ಟರೆ? ಇನ್ನೊಂದು ಪಂಪು. ಗಾಳಿ ಬೀಸಿ ನಡುನೀರಿಗೆ ಒಯ್ದರೆ? ಲಂಗರು. ಯಾರಿಗೂ ಕಾಣದಿದ್ದರೆ? ಕೋಲಿನ ತುದಿಗೆ ಮಿನುಗುವ ಕೆಂಪು ದೀಪ, ಕಿತ್ತಳೆ ಬಾವುಟ, ಆಕಾಶಕ್ಕೆ ಹಾರಿಸುವ ಬೆಂಕಿ ಕಡ್ಡಿಗಳು. ಕಂಡರೂ ಬರದಿದ್ದರೆ? ಅದಕ್ಕೆ ಅಂಗಡಿಯಲ್ಲಿ ಸಾಮಾನು ಇರಲಿಲ್ಲ. ಒಣಗಿಸಿದ ಊಟದ ಪೊಟ್ಟಣಗಳನ್ನು ಕೊಂಡ.

"ನೀವು ಹೋಗ್ತಿರೋದು ಆ ಜಲಾಶಯಕ್ಕೆ ತಾನೆ?" ಎಂದಳು ಹೆಂಗಸು. "ಸಮುದ್ರ ಇಲ್ಲಿಂದ ತುಂಬ ದೂರ ಇದೆ."

ಸಂಜೆ ಗ್ಯಾರೇಜಿನ ಬಾಗಿಲು ಎಳೆದುಕೊಂಡು ವರ್ಲನ್ ಕೆಲಸ ಶುರು ಮಾಡಿದ. ಟ್ಯೂಬಿಗೆ ಎಡಗಡೆ ಹೆಚ್ಚು ಭಾರವಾದರೆ ಬಲಗಡೆ ಏನಾದರೂ ಕಟ್ಟುತ್ತಿದ್ದ. ಬಲಗಡೆ ಹೆಚ್ಚಾದರೆ ಎಡಗಡೆ. ಹೀಗೆ ಸಮತೋಲನ ಸಾಧಿಸುವ ಹೊತ್ತಿಗೆ ಟ್ಯೂಬು ಕಾಣದಷ್ಟು ಸಾಮಾನು ಅದರ ಮೇಲಿತ್ತು. ತನ್ನ ಹೆಸರು, ವಿಳಾಸ, ರಕ್ತದ ಗುಂಪು ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಬೆನ್ನಿಗೆ ಅಂಟಿಸಿದ. ಕೊನೆಗೆ ಜೀವರಕ್ಷಕ ಅಂಗಿ ತೊಟ್ಟು, ರಬ್ಬರಿನ ಪಾದ ಕಟ್ಟಿಕೊಂಡು, ಸೀಟಿನಲ್ಲಿ ಕೂತು, ಕೆಂಪು ದೀಪ ಹೊತ್ತಿಸಿ, ಗಾಳಿಯಲ್ಲಿ ಕಾಲು ಒದೆಯುತ್ತಿದ್ದಾಗ ಪಕ್ಕದ ಕಿಟಕಿಯಲ್ಲಿ ಡೆಲ್ಮಾರ್‌ನ ಮುಖ ಕಂಡಿತು.

ಡೆಲ್ಮಾರ್ ನಿವೃತ್ತ ಶಾಲಾ ಬಸ್ ಚಾಲಕ. ಬೇಲಿಯಾಚೆಯ ಮನೆ. ಆ ಊರಿನ ಚರ್ಚಿನವರೆಲ್ಲ ಕಷ್ಟಕಾಲಕ್ಕೆಂದು ನೆಲಮಾಳಿಗೆಯಲ್ಲಿ ಗೋಧಿ, ಹುರುಳಿಕಾಯಿ ಡಬ್ಬಿ, ನೀರು ಕೂಡಿಡುವವರೇ. ಆದರೆ ಡೆಲ್ಮಾರ್ ಕಷ್ಟಕಾಲ ಬರಲಿ ಎಂದೇ ಕಾಯುತ್ತಿದ್ದ. ಇಷ್ಟು ವರ್ಷ ಕೂಡಿಟ್ಟ ಮೇಲೆ ಅದು ಬಾರದೇ ಹೋದರೆ ಅವನಿಗೆ ಅವಮಾನ. ಅವನ ಅಪ್ಪನ ಕಾಲದಲ್ಲಿ ಉತ್ತರದ ಕಣಿವೆಯ ಒಂದು ಅಣೆಕಟ್ಟು ನಿಜಕ್ಕೂ ಒಡೆದಿತ್ತು. ಮನೆಯ ಸೂರಿನ ಮೇಲೆ ಹಸು ನಿಂತಿದ್ದ ಕಥೆಯನ್ನು ಆ ಸೀಮೆಯಲ್ಲಿ ಎಲ್ಲರೂ ಹಾಲು ಕುಡಿಯುವಾಗಲೇ ಕೇಳಿ ಬೆಳೆದವರು.

"ಏನ್ ಬ್ರದರ್ ಪಲ್ಸಿಫರ್," ಎಂದ ಡೆಲ್ಮಾರ್, ಚರ್ಚಿನವರು ಒಬ್ಬರನ್ನೊಬ್ಬರು ಕರೆಯುವ ರೀತಿಯಲ್ಲಿ, ಮೆಲ್ಲಗೆ. "ಏನಿದು?"

"ಏನೂ ಇಲ್ಲ. ನೀವು ಏನೂ ನೋಡ್ಲಿಲ್ಲ."

"ದೀಪ ಉರೀತಿದೆಯಲ್ಲ."

"ಯಾರಿಗೂ ಹೇಳ್ಬೇಡಿ, ನಿಮ್ಮ ದಮ್ಮಯ್ಯ. ಕ್ರಾಂಡಲ್‌ಗೆ ಅಂತೂ ಗೊತ್ತಾಗಲೇಬಾರದು. ಶನಿವಾರ ಬೆಳಿಗ್ಗೆಯೊಳಗೆ ನಾನು ತಯಾರಾಗ್ಬೇಕು."

"ಶನಿವಾರ ಬೆಳಿಗ್ಗೆ ಏನು?"

ವರ್ಲನ್‌ಗೆ ಶನಿವಾರ ಕಣ್ಣ ಮುಂದೆ ಬಂತು. ತಳವಿಲ್ಲದ ಸೀಟು, ಅದರ ಕೆಳಗೆ ಕಪ್ಪು ನೀರು. "ಅದನ್ನ ನೆನೆಸ್ಕೊಂಡ್ರೆ ನಂಗೆ ಕೈಕಾಲು ಆಡಲ್ಲ ಡೆಲ್ಮಾರ್."

ಅಣೆಕಟ್ಟು ಕಚೇರಿಯ ಮನುಷ್ಯ, ಜೀವರಕ್ಷಕ ಅಂಗಿ ತೊಟ್ಟು, ಊಟದ ಪೊಟ್ಟಣ ಕಟ್ಟಿಕೊಂಡು, ಶನಿವಾರವನ್ನು ನೆನೆದು ನಡುಗುತ್ತಿದ್ದಾನೆ. ಡೆಲ್ಮಾರ್ ಹೆಚ್ಚು ಕೇಳಲಿಲ್ಲ. ಕೆಟ್ಟ ಸುದ್ದಿಗೆ ಬಹಳ ವರ್ಷ ಕಾದವನ ಗಂಭೀರವಾದ ಸಂತೋಷ ಅವನ ಮುಖದಲ್ಲಿತ್ತು. ಯಾರಿಗೂ ಹೇಳುವುದಿಲ್ಲ ಎಂದು ಎದೆ ಮುಟ್ಟಿಕೊಂಡ. ಆ ಮಾತನ್ನು ಬೇಲಿ ದಾಟುವವರೆಗೆ ಉಳಿಸಿಕೊಂಡ.

ಮರುದಿನ ಕಚೇರಿಯ ಫೋನು ತಣ್ಣಗಾಗಲೇ ಇಲ್ಲ. ಅದನ್ನು ಎತ್ತುವವನು ವರ್ಲನ್ನೇ.

"ಕಟ್ಟೆ ಹೇಗಿದೆ?" ಎಂದು ಒಬ್ಬಳು ಕೇಳಿದಳು.

"ಚೆನ್ನಾಗಿದೆಯಮ್ಮ."

"ನಿಮ್ಮ ಗ್ಯಾರೇಜಲ್ಲಿ ಇರೋದು ಚೆನ್ನಾಗಿದೆಯಾ?"

ವರ್ಲನ್ ಕ್ರಾಂಡಲ್‌ನ ಕೋಣೆಯ ಕಡೆ ನೋಡಿ ರಿಸೀವರಿಗೆ ಕೈ ಅಡ್ಡ ಇಟ್ಟ. "ಫೋನಲ್ಲಿ ಅದೆಲ್ಲ ಮಾತಾಡ್ಬಾರದು. ಅವರು ಪಕ್ಕದಲ್ಲೇ ಇದ್ದಾರೆ."

ಆ ಕಡೆಯಿಂದ ಉಸಿರು ಎಳೆದುಕೊಂಡ ಸದ್ದು ಬಂತು. ಮಧ್ಯಾಹ್ನದೊಳಗೆ ಊರಿನ ಅಂಗಡಿಯಲ್ಲಿ ನೀರಿನ ಕ್ಯಾನು, ಟಾರ್ಚಿನ ಸೆಲ್ಲು, ಹಗ್ಗ ಮುಗಿದವು. ಮಕ್ಕಳು ಈಜುಕೊಳದಲ್ಲಿ ಆಡುವ ಗಾಳಿ ತುಂಬಿದ ಬಾತುಕೋಳಿ ಕೂಡ ಒಂದೂ ಉಳಿಯಲಿಲ್ಲ.

ಕ್ರಾಂಡಲ್ ಬಾಗಿಲಿನಿಂದ ಇಣುಕಿದ. "ಏನ್ರೀ ಇವತ್ತು ಇಷ್ಟೊಂದು ಫೋನು?"

"ಆಲೂಗಡ್ಡೆ ಸರ್."

"ಆಲೂಗಡ್ಡೆಗೆ ಏನಾಯ್ತು?"

"ಬಾಯಾರಿಕೆ ಸರ್."

ಮನೆಗೆ ಬಂದರೆ ಹೆಂಡತಿ ನೊರೀನ್ ಗ್ಯಾರೇಜಿನಲ್ಲಿ ಕೈಕಟ್ಟಿ ನಿಂತಿದ್ದಳು. ಮೂಲೆಯಲ್ಲಿ ಹೊದಿಸಿಟ್ಟ ಟಾರ್ಪಾಲು ತೆಗೆದಿತ್ತು.

"ಇದರಲ್ಲಿ ಎಷ್ಟು ಸೀಟಿದೆ?" ಎಂದಳು.

"ಯಾಕೆ?"

"ಎಷ್ಟಿದೆ ಹೇಳಿ."

"ಒಂದು."

"ಒಂದು. ಅಂದ್ರೆ ನೀವು ತೇಲ್ಕೊಂಡು ಹೋಗ್ತೀರಿ. ನಾನು ಚಾವಣಿ ಮೇಲೆ ಹಸುವಿನ ಪಕ್ಕ ನಿಂತ್ಕೊಂಡು ಕೈ ಬೀಸ್ಬೇಕು, ಅಲ್ವಾ? ಮೂರು ಮಕ್ಕಳನ್ನ ಹೆತ್ತುಕೊಟ್ಟೋಳು ನಾನು ವರ್ಲನ್. ನಂಗೊಂದು ಪಂಪು ಕೂಡ ತರ್ಲಿಲ್ಲ. ನಿಮಗೆ ಎರಡು!"

ಆಗಲೇ ವರ್ಲನ್‌ಗೆ ಊರು ಏನೆಂದುಕೊಂಡಿದೆ ಎಂಬುದು ತಲೆಗೆ ಹೋದದ್ದು. ಕೆಲಸದ ಮಾತು, ಕ್ರಾಂಡಲ್‌ನ ಪ್ರಶ್ನೆ, ತನ್ನ ಉತ್ತರ, ಎಲ್ಲವನ್ನೂ ಅವಳ ಮುಂದೆ ಒಪ್ಪಿಸಿಬಿಟ್ಟ. ನೊರೀನ್ ಕೊನೆಯವರೆಗೂ ಕೇಳಿದಳು.

"ನೀವು? ಮೀನು? ನೀರಲ್ಲಿ ಕೂತು?" ಎಂದಳು. "ನಮ್ಮ ಮದುವೆಯಾದ ಹೊಸದರಲ್ಲಿ ಕೊಳದ ಹತ್ರ ಫೋಟೋ ತೆಗೆಸ್ಕೊಳ್ಳೋಕೂ ನೀವು ಬರ್ಲಿಲ್ಲ. ಸುಳ್ಳು ಹೇಳೋದಾದ್ರೆ ಸ್ವಲ್ಪ ನಂಬೋ ಹಾಗಾದ್ರೂ ಹೇಳಿ. ಕಟ್ಟೆ ಒಡೆಯುತ್ತೆ ಅಂದ್ರೆ ನಂಬ್ತೀನಿ." ಹೋಗಿ ತನ್ನ ಪೆಟ್ಟಿಗೆ ತುಂಬತೊಡಗಿದಳು.

ಬಾಗಿಲು ತಟ್ಟಿದ ಸದ್ದಾಯಿತು. ಬಿಷಪ್ ಹ್ಯಾಚ್ ಬಂದಿದ್ದ. ಅಲ್ಲಿನ ಬಿಷಪ್ ಎಂದರೆ ನಿಲುವಂಗಿಯವನಲ್ಲ, ವಾರವಿಡೀ ಟೈರ್ ಅಂಗಡಿ ನಡೆಸಿ ಭಾನುವಾರ ಸಭೆ ನಡೆಸುವವನು. ಟೈ ಕಟ್ಟಿದ್ದ. ಬೆರಳಿನ ಸಂದಿಯಲ್ಲಿ ಗ್ರೀಸ್ ಇತ್ತು.

"ಬ್ರದರ್ ಪಲ್ಸಿಫರ್, ಇಲ್ಲಿ ಮುನ್ನೂರು ಮನೆ ಇದೆ. ನಾನು ಅವರಿಗೆಲ್ಲ ಒಂದು ಉತ್ತರ ಹೇಳ್ಬೇಕು. ಕಟ್ಟೆ ಗಟ್ಟಿಯಾಗಿದೆಯಾ?"

"ಬಂಡೆ ಹಾಗಿದೆ ಬಿಷಪ್, ದೇವರಾಣೆ."

"ಹಾಗಾದ್ರೆ ಗ್ಯಾರೇಜಲ್ಲಿರೋದು ಯಾಕೆ?"

ವರ್ಲನ್ ಬಾಯಿ ತೆರೆದ. ಕ್ರಾಂಡಲ್‌ನ ಗಾಡಿಗೆ ಟೈರು ಹಾಕುವವನು ಈ ಹ್ಯಾಚ್‌ನೇ. ನಾಳೆಯೇ ಇಬ್ಬರೂ ಎದುರಾಗುತ್ತಾರೆ. ತೆರೆದ ಬಾಯಿಯನ್ನು ಮುಚ್ಚಿದ.

"ಅದನ್ನ ಮಾತ್ರ ಕೇಳ್ಬೇಡಿ. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ."

ಬಿಷಪ್ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. "ಅಷ್ಟು ದೂರ ಹೋಗಿದೆಯಾ?"

"ನಂಗೆ ಸಂಸಾರ ಇದೆ ಬಿಷಪ್."

"ಎಲ್ಲರಿಗೂ ಇದೆ," ಎಂದ ಹ್ಯಾಚ್, ತೊದಲುತ್ತ. ವರ್ಲನ್‌ನ ಎರಡೂ ಕೈ ಹಿಡಿದು ಅದುಮಿದ. "ಬಾಯಿ ಬಿಡದೇನೇ ಎಚ್ಚರಿಸಿದ್ರಿ. ಊರು ಇದನ್ನ ಮರೆಯಲ್ಲ."

ಶನಿವಾರ ಬೆಳಗಾಗುವ ಹೊತ್ತಿಗೆ ಊರಿನ ಟ್ರಕ್ಕುಗಳೆಲ್ಲ ತುಂಬಿಕೊಂಡು ನಿಂತಿದ್ದವು. ಗೋಧಿ ಮೂಟೆ, ಹಾಸಿಗೆ, ಪಿಯಾನೊ, ಕೋಳಿ. ಅಲ್ಲಿಯವರೆಗೆ ಯಾರೂ ಕೇಳಿಕೊಂಡಿರದ ಒಂದು ಪ್ರಶ್ನೆ ಎದ್ದಿತು. ಹೋಗುವುದೆಲ್ಲಿಗೆ? ಪೂರ್ವಕ್ಕೆ ಹೊಲ, ಪಶ್ಚಿಮಕ್ಕೆ ಹೊಲ, ಚಪ್ಪಟೆ. ಆ ಸೀಮೆಗೆಲ್ಲ ಎತ್ತರದ ಜಾಗ ಒಂದೇ, ಅಣೆಕಟ್ಟಿನ ಭುಜದ ಮೇಲಿನ ಬಯಲು. ನೀರಿಗೆ ಹೆದರಿದ ಊರು ಹೀಗೆ ಒಂದೇ ಸಾಲಾಗಿ ನೀರಿನ ಕಡೆಗೆ ಹೊರಟಿತು. ಆ ಸಾಲಿನ ನಡುವೆ, ಮುಂದೆ ಹೋಗಲೂ ಆಗದೆ ಹಿಂದೆ ತಿರುಗಲೂ ಆಗದೆ, ಕಿತ್ತಳೆ ಬಾವುಟ ಹಾರಿಸಿಕೊಂಡು ವರ್ಲನ್‌ನ ಗಾಡಿ ಇತ್ತು. ಪಕ್ಕದಲ್ಲಿ ನೊರೀನ್ ಮಾತಿಲ್ಲದೆ ಕೂತಿದ್ದಳು. ಎರಡು ಪಂಪುಗಳಲ್ಲಿ ಒಂದು ಅವಳ ಮಡಿಲಲ್ಲಿತ್ತು.

ಜಲಾಶಯದ ದಂಡೆಯಲ್ಲಿ ಕ್ರಾಂಡಲ್ ಒಬ್ಬನೇ ನಿಂತಿದ್ದ. ಬಣ್ಣ ಹೋದ ಒಂದು ಟ್ಯೂಬು, ಒಂದು ಕೋಲು, ಜೇಬಿನಲ್ಲಿ ಒಂದು ನೊಣದ ಡಬ್ಬಿ. ಅಷ್ಟೇ ಅವನ ಸಾಮಾನು. ಟ್ರಕ್ಕಿನ ಮೇಲೆ ಪಿಯಾನೊ ಬರುವುದನ್ನು ನೋಡಿ ಅವನು ಟೋಪಿ ತೆಗೆದ.

"ಏನ್ರೀ ಇದು? ಊರೆಲ್ಲ ಮೀನು ಹಿಡಿಯೋಕೆ ಬಂತಾ?"

ಬಿಷಪ್ ಮುಂದೆ ಬಂದ. "ಇನ್ನು ನಾಟಕ ಬೇಡ ಕ್ರಾಂಡಲ್. ನೀವು ಮುಚ್ಚಿಟ್ರೂ ನಮ್ಮವನೊಬ್ಬ ಮುಚ್ಚಿಡ್ಲಿಲ್ಲ. ಕಟ್ಟೆ ಎಷ್ಟು ಹೊತ್ತಿಗೆ ಹೋಗುತ್ತೆ?"

"ಎಲ್ಲಿಗೆ ಹೋಗುತ್ತೆ?"

"ಪಲ್ಸಿಫರ್ ದೋಣಿ ಕಟ್ಟಿದ್ದು ಸುಮ್ಮನೇನಾ?" ಎಂದು ಕೂಗಿದ ಡೆಲ್ಮಾರ್.

ಕ್ರಾಂಡಲ್ ಬಾವುಟವನ್ನು ನೋಡಿದ, ದೀಪವನ್ನು ನೋಡಿದ, ಗಾಡಿಯಿಂದ ಇಳಿಯುವ ಮನಸ್ಸಿಲ್ಲದೆ ಕೂತಿದ್ದ ವರ್ಲನ್‌ನನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ. "ಅಯ್ಯೋ ಮಾರಾಯ್ರೆ, ಅದು ಮೀನು ಹಿಡಿಯೋ ಟ್ಯೂಬು! ಅವರು ನನ್ನ ಜೊತೆ ಮೀನಿಗೆ ಬಂದಿರೋದು. ಚಿಕ್ಕಂದಿನಿಂದ ಅಭ್ಯಾಸ ಅವರಿಗೆ. ಬನ್ನಿ ಪಲ್ಸಿಫರ್, ಇಳಿದು ತೋರಿಸಿ ಇವರಿಗೆ."

ಯಾರೂ ನಗಲಿಲ್ಲ. ಮುನ್ನೂರು ಮನೆಯ ಜನ ದಂಡೆಯುದ್ದಕ್ಕೂ ನಿಂತರು. ವರ್ಲನ್‌ಗೆ ಕಾಣುತ್ತಿದ್ದದ್ದು ಎರಡೇ ದಾರಿ. ಇಳಿಯದಿದ್ದರೆ ಕೆಲಸ ಹೋಗುತ್ತದೆ. ಇಳಿದರೆ ಜೀವ ಹೋಗುತ್ತದೆ. ಜೀವ ಹೋದರೆ ನೊರೀನ್‌ಗೆ ಪಿಂಚಣಿಯಾದರೂ ಬರುತ್ತದೆ ಎಂದು ಇಳಿದ.

ಟ್ಯೂಬಿನಲ್ಲಿ ಕೂತು ಮೀನು ಹಿಡಿದವರಿಗೆಲ್ಲ ಗೊತ್ತಿರುವ ಒಂದು ಸಂಗತಿ ಇದೆ. ರಬ್ಬರಿನ ಪಾದ ಕಟ್ಟಿಕೊಂಡ ಮೇಲೆ ನೀರಿಗೆ ಬೆನ್ನು ಹಾಕಿ ಹಿಮ್ಮುಖವಾಗಿ ನಡೆಯಬೇಕು. ಮುಂದಕ್ಕೆ ಹೆಜ್ಜೆ ಇಟ್ಟರೆ ಒಂದು ಪಾದದ ತುದಿಯನ್ನು ಇನ್ನೊಂದು ತುಳಿಯುತ್ತದೆ. ವರ್ಲನ್ ಗಾಡಿಯ ಪಕ್ಕದಲ್ಲೇ ಪಾದ ಕಟ್ಟಿಕೊಂಡು, ಟ್ಯೂಬನ್ನು ಸೊಂಟಕ್ಕೇರಿಸಿ, ಎದೆಯುಬ್ಬಿಸಿ ಮುಂದಕ್ಕೆ ನಡೆದ.

"ಅಯ್ಯೋ," ಎಂದ ಡೆಲ್ಮಾರ್.

ಮೊದಲ ಸಲ ಬಿದ್ದಾಗ ಊಟದ ಪೊಟ್ಟಣಗಳು ಅವನನ್ನು ಕಾಪಾಡಿದವು. ಎರಡನೆಯ ಸಲ ಬಿದ್ದದ್ದು ನೀರಿನ ಅಂಚಿನಲ್ಲಿ. ಮೂರನೆಯ ಸಲ ಬಿದ್ದಾಗ ಹೇಗೋ ಸೀಟಿನೊಳಗೇ ಬಿದ್ದು ತೇಲಿದ. ಲಂಗರಿನ ಹಗ್ಗ ಕೈತಪ್ಪಿ ಲಂಗರು ಬುಳುಕ್ಕನೆ ತಳ ಸೇರಿತು. ವರ್ಲನ್ ಜೀವಭಯದಿಂದ ಒದೆಯತೊಡಗಿದ. ಲಂಗರು ಬಿಡದು, ಕಾಲು ನಿಲ್ಲದು. ಟ್ಯೂಬು ಗಾಣದೆತ್ತಿನ ಹಾಗೆ ಒಂದೇ ಕಡೆ ಸುತ್ತಿತು. ಮಿನುಗುವ ದೀಪ ಪ್ರತಿ ಸುತ್ತಿಗೂ ಒಮ್ಮೆ ಜನರ ಮುಖಕ್ಕೆ ಬಿತ್ತು.

"ಕಾಪಾಡಿ!" ಎಂದು ಕೂಗಿದ. "ನೊರೀನ್! ಮುಳುಗ್ತಿದ್ದೀನಿ!"

"ಎದ್ದು ನಿಲ್ಲಿ," ಎಂದಳು ನೊರೀನ್.

"ಆಗಲ್ಲ!"

"ಮೊಣಕಾಲು ನೀರು ವರ್ಲನ್. ಎದ್ದು ನಿಲ್ಲಿ."

ಅವನು ಎದ್ದು ನಿಂತ. ನೀರು ಮೊಣಕಾಲಿಗಿಂತ ಒಂದು ಗೇಣು ಕೆಳಗಿತ್ತು.

ದಂಡೆಯ ಮೇಲೆ ಬಿಷಪ್ ಹ್ಯಾಚ್ ಟೈ ಸಡಿಲಿಸಿದ.

"ಈ ಮನುಷ್ಯ ಪ್ರಳಯಕ್ಕೆ ಅಂತ ಇದನ್ನ ಕಟ್ಟಿರೋಕೆ ಸಾಧ್ಯ ಇಲ್ಲ," ಎಂದ. "ಕಟ್ಟೆ ಒಡೆದ್ರೆ ಮೊದಲು ಸಾಯೋನೇ ಇವನು. ನಡೀರಿ ಮನೆಗೆ."

ಆಗ ಎದ್ದ ನಗು ಗುಡ್ಡಕ್ಕೆ ಬಡಿದು ತಿರುಗಿ ಬಂತು. ನೊರೀನ್ ಮಾತ್ರ ನಗದೆ, ಕೈಯಲ್ಲಿದ್ದ ಪಂಪನ್ನು ತಿರುಗಿಸಿ ನೋಡುತ್ತ ನಿಂತಳು. "ಹಾಗಾದ್ರೆ ಇವರು ಹೇಳಿದ್ದು ನಿಜಾನೇ," ಎಂದು ತನಗೆ ತಾನೇ ಅಂದುಕೊಂಡಳು. ಡೆಲ್ಮಾರ್ ಎಲ್ಲರಿಗಿಂತ ಕೊನೆಗೆ ಟ್ರಕ್ಕು ತಿರುಗಿಸಿದ, ಗೋಧಿ ಮೂಟೆಗಳ ಮುಖ ನೋಡಲಾಗದೆ.

ಕ್ರಾಂಡಲ್ ವರ್ಲನ್‌ನನ್ನು ಒಂದು ಬಂಡೆಯ ಮೇಲೆ ಕೂರಿಸಿದ. ವರ್ಲನ್‌ನ ರಬ್ಬರು ಪ್ಯಾಂಟಿನೊಳಗಿಂದ ನೀರು ಸುರಿಯುತ್ತಿತ್ತು.

"ಚಿಕ್ಕಂದಿನಿಂದ," ಎಂದ ಕ್ರಾಂಡಲ್.

"ತಪ್ಪಾಯ್ತು ಸರ್. ಕೆಲಸ ಹೋಗುತ್ತೆ ಅಂತ ಹೆದರಿ ಹೇಳ್ಬಿಟ್ಟೆ."

"ಹೋಗುತ್ತಿತ್ತು. ಈಗಲೇ, ಇಲ್ಲೇ ತೆಗೆದುಹಾಕ್ತಿದ್ದೆ." ಕ್ರಾಂಡಲ್ ಕೆಳಗಿನ ರಸ್ತೆಯ ಕಡೆ ಕೈ ತೋರಿಸಿದ. ಟ್ರಕ್ಕುಗಳು ಸಾಲಾಗಿ ಇಳಿಯುತ್ತಿದ್ದವು. "ಆದ್ರೆ ನಾಳೆ ನಿಮ್ಮನ್ನ ತೆಗೆದ್ರೆ ಈ ಜನ ಏನಂತಾರೆ ಹೇಳಿ?"

ವರ್ಲನ್ ಯೋಚಿಸಿದ. "ಒಳ್ಳೇದಾಯ್ತು ಅಂತಾರೆ ಸರ್."

"ಇಲ್ಲ. ನಿಜ ಹೇಳಿದ್ದಕ್ಕೆ ತೆಗೆದ್ರು, ಕಟ್ಟೆ ಒಡೆಯೋದು ಖಂಡಿತ ಅಂತಾರೆ. ಮತ್ತೆ ಪಿಯಾನೊ ಹತ್ತುತ್ತೆ. ನಿಮ್ಮನ್ನ ನಾನು ತೆಗೆಯೋ ಹಾಗಿಲ್ಲ. ನಾನಷ್ಟೇ ಅಲ್ಲ, ನನ್ನ ನಂತರ ಬರೋನೂ ತೆಗೆಯೋ ಹಾಗಿಲ್ಲ. ನೀವು ಮುದುಕರಾಗೋವರೆಗೂ ಆ ಫೋನು ನಿಮ್ಮದೇ."

ವರ್ಲನ್‌ಗೆ ಅಳು ಬಂತು. ಕ್ರಾಂಡಲ್‌ನ ಕೈ ಹಿಡಿಯಲು ಹೋದ.

"ತಡೀರಿ, ಮುಗಿದಿಲ್ಲ. ಇದು ಮೀನಿನ ಟ್ಯೂಬು ಅಂತ ನಾನು ಊರಿಗೆಲ್ಲ ಹೇಳಿದ್ದೀನಿ. ಇವತ್ತಿಗೆ ನೀವು ಇದನ್ನ ಮೂಲೆಗೆ ಹಾಕಿದ್ರೆ ಅದು ಸುಳ್ಳಾಗುತ್ತೆ. ಇನ್ಮೇಲೆ ಪ್ರತಿ ಶನಿವಾರ ನೀವು ಇಲ್ಲಿ ತೇಲ್ಬೇಕು. ಎಲ್ಲರಿಗೂ ಕಾಣೋ ಹಾಗೆ, ನಡುನೀರಲ್ಲಿ. ಕಂಪನಿ ಕೆಲಸ ಅಂತ ತಿಳ್ಕೊಳ್ಳಿ."

ಹೀಗೆ ಸೇಜ್‌ಬೆಂಡ್‌ನಲ್ಲಿ ಒಂದು ಹೊಸ ಅಭ್ಯಾಸ ಬೆಳೆಯಿತು. ಚರ್ಚಿನ ನಿಯಮದಂತೆ ಕಾಫಿ ಮುಟ್ಟದ ಆ ಜನ ಶನಿವಾರ ಬೆಳಿಗ್ಗೆ ಬಿಸಿ ಕೋಕೋ ಲೋಟ ಹಿಡಿದು ಅಂಗಳಕ್ಕೆ ಬರುತ್ತಾರೆ. ಕಟ್ಟೆಯ ಮೇಲಿಂದ ಯಾರಾದರೂ ಫೋನು ಮಾಡಿ, ಪಲ್ಸಿಫರ್ ನೀರಲ್ಲಿದ್ದಾನೆ ಎಂದರೆ, ಕಟ್ಟೆ ಗಟ್ಟಿಯಾಗಿದೆ ಎಂದುಕೊಂಡು ನೆಮ್ಮದಿಯಿಂದ ಹುಲ್ಲು ಕತ್ತರಿಸಲು ಹೋಗುತ್ತಾರೆ. ವರ್ಲನ್ ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡು ತೇಲುತ್ತಾನೆ. ಗಾಳಕ್ಕೆ ಅವನು ನೊಣ ಕಟ್ಟುವುದಿಲ್ಲ. ಮೀನು ಕಚ್ಚಿದರೆ ಏನು ಮಾಡಬೇಕೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಟೋಬರಿನ ಒಂದು ಶನಿವಾರ ಅವನಿಗೆ ಮೈ ಸುಡುವ ಜ್ವರ. ಹೊರಗೆ ಹಿಮ ಉದುರಲು ಶುರುವಾಗಿತ್ತು. ಇವತ್ತು ದೇವರೇ ರಜೆ ಕೊಟ್ಟ ಎಂದು ರಜಾಯಿ ತಲೆವರೆಗೆ ಎಳೆದುಕೊಂಡು, ತಿಂಗಳುಗಳ ಮೇಲೆ ಮೊದಲ ಸಲ ನಿಶ್ಚಿಂತೆಯಿಂದ ಮಲಗಿದ. ನೊರೀನ್ ಒಳಗೆ ಬಂದು ಅವನ ಹಣೆ ಮುಟ್ಟಿ ನೋಡಿದಳು. ಆಮೇಲೆ ಪರದೆ ಸರಿಸಿ ಬೀದಿ ನೋಡಿದಳು.

"ಏಳಿ," ಎಂದಳು.

"ಸಾಯ್ತಿದ್ದೀನಿ ಕಣೇ."

"ಸಾಯೋದು ಆಮೇಲೆ. ಡೆಲ್ಮಾರ್ ಅವರ ಅತ್ತೇನ ಕುರ್ಚಿ ಸಮೇತ ಟ್ರಕ್ಕಿಗೆ ಹತ್ತಿಸ್ತಿದ್ದಾರೆ. ತೊಂಬತ್ತು ದಾಟಿದ ಜೀವ, ಹಿಮದಲ್ಲಿ ನಡುಗ್ತಿದೆ."

ವರ್ಲನ್ ರಜಾಯಿ ಸರಿಸಿ ಒಂದು ಕಾಲನ್ನು ಮಂಚದಿಂದ ಕೆಳಗೆ ಬಿಟ್ಟ, ನೆಲ ಎಷ್ಟು ಆಳದಲ್ಲಿದೆಯೋ ನೋಡುವವನಂತೆ.

"ಅಜ್ಜೀನ ಇಳಿಸೋಕೆ ಹೇಳು," ಎಂದ. "ಬರ್ತಿದ್ದೀನಿ."